ಮಧುಮೇಹವೂ ಮನೆಯ ಅಡುಗೆಯೂ

ಮಧುಮೇಹವೆಂಬುದು ಸಿರಿವಂತರ ರೋಗ, ಕುಳಿತುಣ್ಣುವವರ ರೋಗ, ಪಟ್ಟಣವಾಸಿಗಳ ರೋಗ ಎಂಬ ಭಾವನೆಯು ನಮ್ಮ ಜನರಲ್ಲಿ ಬಹುಕಾಲ ಬೇರೂರಿದ್ದಿತು. ಬೆವರು ಸುರಿಸಿ ದುಡಿದು, ಮುದ್ದೆಯನ್ನೋ ರೊಟ್ಟಿಯನ್ನೋ ಉಂಡು, ಕತ್ತಲಾಗುತ್ತಲೆ ಮಲಗುವ ಬೇಸಾಯಗಾರನ ಹೊಸ್ತಿಲನ್ನು ಅದು ದಾಟಲಾರದೆಂದು ಎಲ್ಲರೂ ನಂಬಿದ್ದರು. ಆ ನಂಬಿಕೆಗೆ ಈಗ ಆಧಾರವುಳಿದಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದಾದ್ಯಂತ ನಡೆದು 2023 ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ. ರೋಗದ ಅಂಚಿಗೆ ಬಂದು ನಿಂತಿರುವವರು ಇನ್ನೂ 13 ಕೋಟಿ 60 ಲಕ್ಷ. ಪಟ್ಟಣಗಳಲ್ಲಿ ನೂರು ಮಂದಿ ವಯಸ್ಕರಿಗೆ 16 ಮಂದಿಯಾದರೆ, ಹಳ್ಳಿಗಳಲ್ಲಿಯೂ ನೂರಕ್ಕೆ ಸುಮಾರು 9 ಮಂದಿಯಲ್ಲಿ ಈ ರೋಗವು ಕಂಡುಬಂದಿದೆ. ಹತ್ತು ಹನ್ನೊಂದು ಜನ ದೊಡ್ಡವರು ಕೂಡಿದ ಅರಳಿಕಟ್ಟೆಯಲ್ಲಿ ಒಬ್ಬರು ಮಧುಮೇಹಿಗಳೆಂದಾಯಿತು.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನಲ್ಲಿ ಸೊಕ್ಕೆಯೆಂಬ ಗ್ರಾಮವುಂಟು. ಅದೇ ಹೆಸರಿನ ಹೋಬಳಿಗೆ ಅದು ಕೇಂದ್ರಸ್ಥಳ. 1997 ರವರೆಗೆ ಈ ತಾಲ್ಲೂಕು ಚಿತ್ರದುರ್ಗದ ಜಿಲ್ಲೆಗೆ ಸೇರಿದ್ದಿತು. ಇದೇ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳ ಕಡೆಗೆ ಹೋದರೆ ನಾಲೆಯ ನೀರು, ಬತ್ತದ ಗದ್ದೆ, ಅಡಕೆಯ ತೋಟಗಳು ಕಣ್ಣಿಗೆ ಬೀಳುವುವು. ಸೊಕ್ಕೆಯ ಸೀಮೆಯಾದರೋ ಮಳೆಯನ್ನೇ ನಂಬಿ ಬಿತ್ತತಕ್ಕ ಬಯಲು ಸೀಮೆ. ಬರಗಾಲವು ಅಲ್ಲಿಯವರಿಗೆ ಹೊಸದಲ್ಲ. ಇಂಥ ನೆಲದಲ್ಲಿ ಹಿರಿಯರು ಜೋಳ, ರಾಗಿ, ನವಣೆ, ಸಜ್ಜೆ, ಸಾವೆಗಳನ್ನು ಬಿತ್ತಿ, ನಡುನಡುವೆ ಅಕ್ಕಡಿ ಸಾಲುಗಳಲ್ಲಿ ತೊಗರಿ, ಅಲಸಂದೆ, ಅವರೆ, ಹುರುಳಿಗಳನ್ನು ಬೆಳೆದುಕೊಂಡು, ಬೆಳೆದುದನ್ನು ಉಂಡರು. ಇಂದು ಆ ಸೀಮೆಯ ಹೊಲಗಳಲ್ಲಿ ಬಹು ಮಟ್ಟಿಗೆ ಮೆಕ್ಕೆಜೋಳವು ನಿಂತಿರುತ್ತದೆ. ಮೆಕ್ಕೆಜೋಳವನ್ನು ಬೆಳೆದವರು ಉಣ್ಣುವುದು ಅಪರೂಪ. ಅದು ಕೋಳಿಗಳ ಮೇವಿಗೂ ಪಿಷ್ಟದ ಕಾರ್ಖಾನೆಗಳಿಗೂ ಹೋಗುತ್ತದೆ. ಮಾರಿ ಬಂದ ಹಣದಿಂದ ಅಂಗಡಿಯ ಸಕ್ಕರೆ, ಚಹಾಪುಡಿ, ಎಣ್ಣೆ, ಮೈದಾಹಿಟ್ಟಿನ ತಿಂಡಿಗಳು ಮನೆಗೆ ಬರುತ್ತವೆ. 2013 ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯಿಂದಾಗಿ ಪಡಿತರದ ಅಕ್ಕಿಯು ಬಡವರ ಮನೆಯಲ್ಲಿಯೂ ನಿತ್ಯದ ಧಾನ್ಯವಾಯಿತು. ಹಸಿದವರಿಗೆ ಅಕ್ಕಿ ದೊರೆತುದನ್ನು ನಾವು ಹಳಿಯುವವರಲ್ಲ. ಬರದ ವರ್ಷಗಳಲ್ಲಿ ಒಲೆಯು ಆರದಂತೆ ನೋಡಿಕೊಂಡುದು ಅದೇ. ಆದರೆ ಹಬ್ಬದ ದಿನ ಮಾತ್ರ ಕಾಣುತ್ತಿದ್ದ ಅನ್ನವು ದಿನಕ್ಕೆರಡು ಹೊತ್ತು ಬಂದುದೂ, ಅದೇ ಕಾಲದಲ್ಲಿ ಎತ್ತು ನೇಗಿಲುಗಳ ಬದಲು ಟ್ರ್ಯಾಕ್ಟರೂ, ಕಾಲುದಾರಿಯ ಬದಲು ಮೋಟಾರು ಸೈಕಲ್ಲೂ, ಬೀಸುವ ಕಲ್ಲಿನ ಬದಲು ಹಿಟ್ಟಿನ ಗಿರಣಿಯೂ ಬಂದುದೂ ದೇಹದ ಲೆಕ್ಕವನ್ನು ಏರುಪೇರು ಮಾಡಿದವೆಂಬುದನ್ನು ಮರೆಯುವಂತಿಲ್ಲ.

ಈ ರೋಗಕ್ಕೆ ಪಥ್ಯವೂ ವ್ಯಾಯಾಮವೂ ಅಗತ್ಯವೆಂಬುದನ್ನು ಇಂದು ಅರಿಯದವರಿಲ್ಲ. ಅರಿತೂ ನಡೆಯುವುದಿಲ್ಲವೇಕೆ? ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಮುಖ್ಯ ಕಾರಣವೊಂದಿದೆ. ಪಥ್ಯವನ್ನು ನಾವು ರೋಗಿಯೊಬ್ಬನ ತಟ್ಟೆಯ ವಿಷಯವೆಂದು ತಿಳಿದಿದ್ದೇವೆ. ನಿಜವಾಗಿ ಅದು ಇಡೀ ಮನೆಯ ಒಲೆಯ ವಿಷಯ. ಇದನ್ನು ವಿವರಿಸುವ ಮೊದಲು ರೋಗದ ಸ್ವರೂಪವನ್ನು ಎರಡು ಮಾತುಗಳಲ್ಲಿ ಹೇಳುವುದು ಯುಕ್ತ.

ನಾವುಂಡ ಅನ್ನ, ಮುದ್ದೆ, ರೊಟ್ಟಿಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯ ರೂಪದಲ್ಲಿ ರಕ್ತಕ್ಕೆ ಸೇರುತ್ತದೆ. ರಕ್ತದಿಂದ ಅದನ್ನು ಸ್ನಾಯುಗಳಿಗೂ ಇತರ ಅಂಗಗಳಿಗೂ ಒಳಹೊಗಿಸಲು ಇನ್ಸುಲಿನ್ ಎಂಬ ರಸವು ಬೇಕು. ಮೇದೋಜೀರಕ ಗ್ರಂಥಿಯು ಅದನ್ನು ಉತ್ಪತ್ತಿ ಮಾಡುತ್ತದೆ. ಕೆಲವರಲ್ಲಿ, ಅದರಲ್ಲಿಯೂ ಹೆಚ್ಚಾಗಿ ಎಳೆಯ ವಯಸ್ಸಿನವರಲ್ಲಿ, ಈ ರಸವು ಹೆಚ್ಚು ಕಡಮೆ ಪೂರ್ಣವಾಗಿ ನಿಂತುಹೋಗುವುದುಂಟು. ಇದು ಮೊದಲನೆಯ ಬಗೆ. ಬಹುಸಂಖ್ಯಾತರಲ್ಲಿ ಕಾಣುವುದು ಎರಡನೆಯ ಬಗೆ. ಇದರಲ್ಲಿ ರಸವಿರುತ್ತದೆ, ಆದರೆ ದೇಹವು ಅದರ ಮಾತನ್ನು ಕೇಳದು. ಗ್ರಂಥಿಯು ಇನ್ನಷ್ಟು ಮತ್ತಷ್ಟು ಸುರಿಸಿ ಕಡೆಗೆ ದಣಿಯುತ್ತದೆ. ಹೊಟ್ಟೆಯ ಒಳಗೂ ಯಕೃತ್ತಿನಲ್ಲಿಯೂ ಸೇರಿದ ಕೊಬ್ಬು ಈ ಅವಿಧೇಯತೆಗೆ ದೊಡ್ಡ ಕಾರಣ. ನಮ್ಮ ದೇಶದವರಲ್ಲಿ ಒಂದು ವಿಶೇಷವುಂಟು: ಕೈಕಾಲುಗಳು ಸಣ್ಣಗಿದ್ದು, ನೋಡುವುದಕ್ಕೆ ತೆಳ್ಳಗಿರುವವರಲ್ಲಿಯೂ ಹೊಟ್ಟೆಯ ಸುತ್ತ ಮಾತ್ರ ಕೊಬ್ಬು ಕೂಡಿರುತ್ತದೆ. ಆದುದರಿಂದ “ನಾನು ದಪ್ಪಗಿಲ್ಲ, ನನಗೆಲ್ಲಿಯ ಸಕ್ಕರೆ ಕಾಯಿಲೆ” ಎಂಬ ಮಾತಿಗೆ ಬೆಲೆಯಿಲ್ಲ. ಸೊಂಟದ ಸುತ್ತಳತೆಯು ಗಂಡಸರಲ್ಲಿ 90 ಸೆಂಟಿಮೀಟರನ್ನೂ ಹೆಂಗಸರಲ್ಲಿ 80 ಸೆಂಟಿಮೀಟರನ್ನೂ ಮೀರಿತೆಂದರೆ ಎಚ್ಚರ ವಹಿಸತಕ್ಕದ್ದು. ದರ್ಜಿಯ ಅಳತೆಪಟ್ಟಿ ಸಾಕು, ಬೇರೆ ಯಂತ್ರ ಬೇಡ.

ನಮ್ಮ ಪೂರ್ವಿಕ ವೈದ್ಯರು ಈ ರೋಗವನ್ನು ಕಂಡಿದ್ದರು. ಸುಶ್ರುತ ಸಂಹಿತೆಯಲ್ಲಿ ಪ್ರಮೇಹವು ಹುಟ್ಟಿನಿಂದ ಬಂದುದು, ಅಪಥ್ಯದಿಂದ ಬಂದುದು ಎಂದು ಎರಡಾಗಿ ವಿಂಗಡಿಸಲ್ಪಟ್ಟಿದೆ. ಮೊದಲನೆಯವನು ಕೃಶನೆಂದೂ ಎರಡನೆಯವನು ಸ್ಥೂಲನೆಂದೂ, ಕೃಶನನ್ನು ಪೋಷಿಸಬೇಕೆಂದೂ ಸ್ಥೂಲನನ್ನು ಇಳಿಸಬೇಕೆಂದೂ ಹೇಳಿದೆ. ಧನವೂ ಬಂಧುಗಳೂ ಇಲ್ಲದ ರೋಗಿಯು ಕೊಡೆ ಪಾದರಕ್ಷೆಗಳಿಲ್ಲದೆ ಭಿಕ್ಷಾನ್ನವನ್ನುಣ್ಣುತ್ತ ನೂರು ಯೋಜನ ನಡೆಯಬೇಕೆಂದೂ, ಇಲ್ಲವೆ ಬಾವಿಯನ್ನು ತೋಡಬೇಕೆಂದೂ ಅಲ್ಲಿಯ ಚಿಕಿತ್ಸೆ. ಮಿತಾಹಾರ, ದೇಹಶ್ರಮ ಎಂಬೆರಡೂ ಈ ಒಂದು ವಿಧಿಯಲ್ಲಿಯೇ ಅಡಗಿವೆ. ಪಾದರಕ್ಷೆಯ ಮಾತೊಂದನ್ನು ಮಾತ್ರ ಇಂದಿನ ವೈದ್ಯರು ಒಪ್ಪರು. ಅದರ ಕಾರಣವನ್ನು ಮುಂದೆ ಹೇಳುತ್ತೇವೆ. 1921 ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನ್ನನ್ನು ಬೇರ್ಪಡಿಸುವವರೆಗೆ ಪಾಶ್ಚಾತ್ಯ ವೈದ್ಯರ ಕೈಯಲ್ಲಿಯೂ ಪಥ್ಯವನ್ನು ಬಿಟ್ಟರೆ ಹೆಚ್ಚಿನ ಆಯುಧವೇನೂ ಇರಲಿಲ್ಲ.

ಈಗ ಧಾನ್ಯದ ವಿಚಾರಕ್ಕೆ ಬರೋಣ. ವಿಶ್ವಸಂಸ್ಥೆಯು ಭಾರತದ ಸಲಹೆಯಂತೆ 2023 ನೆಯ ವರ್ಷವನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ, ರಾಗಿ ನವಣೆಗಳನ್ನು ಮಧುಮೇಹಕ್ಕೆ ಔಷಧವೆಂದೇ ಬಗೆಯುವವರು ಹೆಚ್ಚಿದ್ದಾರೆ. “ಸಕ್ಕರೆ ಕಾಯಿಲೆಗೆ ಅನ್ನ ಬಿಡಿ, ಮುದ್ದೆ ಉಣ್ಣಿ” ಎಂಬ ಸಲಹೆಯನ್ನು ಕೇಳದ ಮನೆಯಿಲ್ಲ. ಸಲಹೆಯಲ್ಲಿ ಅರ್ಧ ಸತ್ಯವಿದೆ. ಉಳಿದರ್ಧವು ಅನೇಕರನ್ನು ಕೆಡಿಸಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2017 ರಲ್ಲಿ ಪ್ರಕಟಿಸಿದ ಆಹಾರಕೋಷ್ಟಕದಂತೆ 100 ಗ್ರಾಂ ಗಿರಣಿಯ ಬೆಳ್ಳಕ್ಕಿಯಲ್ಲಿ ಪಿಷ್ಟಾಂಶವು ಸುಮಾರು 78 ಗ್ರಾಂ, ನಾರು ಸುಮಾರು 3 ಗ್ರಾಂ. ಅಷ್ಟೇ ತೂಕದ ರಾಗಿಯಲ್ಲಿ ಪಿಷ್ಟಾಂಶ 67 ಗ್ರಾಂ, ನಾರು 11 ಗ್ರಾಂ. ಜೋಳದಲ್ಲಿಯೂ ಹೆಚ್ಚು ಕಡಮೆ ಇಷ್ಟೆ. ನಾರು ಹೆಚ್ಚಾದಷ್ಟೂ ಹೊಟ್ಟೆ ಬೇಗ ತುಂಬುತ್ತದೆ, ಸಕ್ಕರೆಯು ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ರಾಗಿಯಲ್ಲಿ ಸುಣ್ಣದಂಶವೂ ಬಹಳ. ಇವು ಅದರ ಗುಣಗಳು, ಸಂದೇಹವಿಲ್ಲ. ಆದರೆ 78 ಕ್ಕೂ 67 ಕ್ಕೂ ಇರುವ ಅಂತರವನ್ನು ಓದುಗರು ಸಾವಧಾನವಾಗಿ ನೋಡಬೇಕು. ಒಂದು ಮುದ್ದೆಗೆ 100 ಗ್ರಾಂ ಹಿಟ್ಟು ಹಿಡಿಯಿತೆಂದು ಇಟ್ಟುಕೊಳ್ಳಿ. ರಾಗಿ ಒಳ್ಳೆಯದೆಂಬ ಧೈರ್ಯದಿಂದ ಎರಡು ಮುದ್ದೆಗಳನ್ನುಂಡವನ ಹೊಟ್ಟೆಗೆ 130 ಗ್ರಾಮಿಗೂ ಮಿಕ್ಕಿ ಪಿಷ್ಟವು ಸೇರಿತು. 80 ಗ್ರಾಂ ಅಕ್ಕಿಯ ಅನ್ನವನ್ನುಂಡ ಅವನ ನೆರೆಯವನಿಗೆ ಸೇರಿದುದು 62 ಗ್ರಾಂ ಮಾತ್ರ! ಪಥ್ಯ ಮಾಡಿದವನು ಯಾರು?

ಇನ್ನೂ ಒಂದು ಮಾತು. ಧಾನ್ಯವನ್ನು ನುಣ್ಣಗೆ ಬೀಸಿದಷ್ಟೂ, ಮೆತ್ತಗೆ ಬೇಯಿಸಿದಷ್ಟೂ, ನೀರಾಗಿಸಿದಷ್ಟೂ ಅದು ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಆದುದರಿಂದ ಬೆಳಗ್ಗೆ ಲೋಟ ತುಂಬ ರಾಗಿಯ ಗಂಜಿಯನ್ನು ಕುಡಿದು ಪಥ್ಯವಾಯಿತೆನ್ನುವವರು ತಮ್ಮನ್ನು ತಾವೇ ವಂಚಿಸಿಕೊಳ್ಳುತ್ತಾರೆ. ಕಟಕಟ ಅಗಿದು ತಿನ್ನುವ ಜೋಳದ ರೊಟ್ಟಿಯೂ, ತೌಡು ತೆಗೆಯದ ನವಣೆಯ ಅನ್ನವೂ ಗಂಜಿಗಿಂತ ಮೇಲು. ಪೇಟೆಯಲ್ಲಿ ಈಗ ದೊರೆಯುವ, ಬೆಳ್ಳಗೆ ಹೊಳೆಯುವಂತೆ ಪಾಲೀಷು ಮಾಡಿದ ನವಣೆಗೆ ಆ ಗುಣ ಬಹಳ ಮಟ್ಟಿಗೆ ಇಲ್ಲ. ನವಣೆಯ ಬಿಸ್ಕತ್ತು, ರಾಗಿಯ ಲಾಡುಗಳ ವಿಷಯವಾಗಿ ಹೇಳದಿರುವುದೇ ಲೇಸು. ಬೆಲ್ಲದ ಮೇಲೆ ಇರುವ ಭಕ್ತಿಯೂ ಇಂಥದೇ. ಸಕ್ಕರೆಯನ್ನು ಬಿಟ್ಟು ಬೆಲ್ಲ ಹಾಕಿದ ಚಹಾ ಕುಡಿಯುವವರು ಬಣ್ಣವನ್ನು ಬದಲಾಯಿಸಿದರೇ ಹೊರತು ವಸ್ತುವನ್ನಲ್ಲ. ಜೇನುತುಪ್ಪಕ್ಕೂ ಇದೇ ಮಾತು ಸಲ್ಲುತ್ತದೆ.

ದಾವಣಗೆರೆಯ ಸೀಮೆಯವರಿಗೆ ಮಂಡಕ್ಕಿಯ ಮಾತನ್ನು ಹೇಳದಿದ್ದರೆ ಲೇಖನವು ಅಪೂರ್ಣವಾದೀತು. ಸಂಜೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದ ಸಂತೆಯೂ ಇಲ್ಲ, ನೆಂಟರ ಸತ್ಕಾರವೂ ಇಲ್ಲ. ಮಂಡಕ್ಕಿಯು ಕೈಗೆ ಹಗುರವಾದುದರಿಂದ ಹೊಟ್ಟೆಗೂ ಹಗುರವೆಂದು ಜನರು ಭಾವಿಸುತ್ತಾರೆ. ಅದು ಉಬ್ಬಿದ ಅಕ್ಕಿಯಲ್ಲದೆ ಬೇರೆಯಲ್ಲ. ಉಬ್ಬಿದುದರಿಂದಲೇ ಅದರ ಪಿಷ್ಟವು ಅನ್ನಕ್ಕಿಂತಲೂ ಬೇಗ ಸಕ್ಕರೆಯಾಗುತ್ತದೆ. ಪೂರ್ಣವಾಗಿ ಬಿಡಿರೆಂದು ನಾವು ಹೇಳಿದರೆ ಯಾರೂ ಕೇಳಲಾರರು, ಅದು ನಮಗೆ ಗೊತ್ತು. ಒಂದು ಹಿಡಿ ಮಂಡಕ್ಕಿಗೆ ಎರಡು ಹಿಡಿ ಹುರಿದ ಕಡಲೆಯನ್ನೋ ಮೊಳಕೆಯ ಹೆಸರುಕಾಳನ್ನೋ, ಹೆಚ್ಚಿದ ಈರುಳ್ಳಿ, ಸೌತೆಕಾಯಿ, ಟೊಮ್ಯಾಟೊಗಳನ್ನೋ ಬೆರೆಸಿದರೆ ರುಚಿಯೂ ಕೆಡದು, ಹಾನಿಯೂ ಕಡಮೆಯಾಗುವುದು. ಎಣ್ಣೆಯಲ್ಲಿ ಕರಿದ ಮೆಣಸಿನಕಾಯಿ ಒಂದಕ್ಕೆ ನಿಲ್ಲಲಿ.

ಹಾಗಾದರೆ ಊಟದ ಕ್ರಮವೇನು? ವೈದ್ಯರು ಹೇಳುವುದು ಸುಲಭವಾಗಿದೆ: ತಟ್ಟೆಯ ಅರ್ಧಭಾಗ ಸೊಪ್ಪು ತರಕಾರಿ, ಕಾಲುಭಾಗ ಬೇಳೆಕಾಳು, ಮೊಟ್ಟೆ, ಮೊಸರುಗಳಂಥ ಪುಷ್ಟಿಕರ ಪದಾರ್ಥ, ಉಳಿದ ಕಾಲುಭಾಗ ಮಾತ್ರ ಧಾನ್ಯ. ನಮ್ಮ ಬಯಲು ಸೀಮೆಯ ತಟ್ಟೆಯಲ್ಲಿ ಮುಕ್ಕಾಲು ಪಾಲು ಧಾನ್ಯ, ಅದನ್ನು ನುಂಗಿಸುವುದಕ್ಕೆ ಬೇಕಾದಷ್ಟೇ ತಿಳಿಸಾರು. ಓದುಗರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು: ತರಕಾರಿಯ ಬೆಲೆ ಗಗನಕ್ಕೇರಿರುವಾಗ ಅರ್ಧ ತಟ್ಟೆ ತರಕಾರಿಯನ್ನು ಬಡವನು ಎಲ್ಲಿಂದ ತಂದಾನು? ಆಕ್ಷೇಪವು ನ್ಯಾಯವಾದುದು. ಆದರೆ ತರಕಾರಿಯೆಂದರೆ ಪೇಟೆಯಿಂದ ಬರುವ ಹೂಕೋಸೇ ಆಗಬೇಕೆಂದಿಲ್ಲ. ಹಿತ್ತಲಿನ ನುಗ್ಗೆಯ ಮರ, ಮಳೆಗಾಲದಲ್ಲಿ ಹೊಲದ ಬದುಗಳ ಮೇಲೆ ತಾನಾಗಿ ಏಳುವ ಬೆರಕೆ ಸೊಪ್ಪು, ಬಚ್ಚಲ ನೀರಿನಲ್ಲಿ ಬೆಳೆಯುವ ಹರಿವೆ, ಬಸಳೆ, ಬೇಲಿಗೆ ಹಬ್ಬಿಸಿದ ಹೀರೆ, ಹಾಗಲಗಳು ಹಣವನ್ನು ಕೇಳುವುದಿಲ್ಲ. ಕಾಳುಗಳಲ್ಲಿ ಹುರುಳಿಯನ್ನು ನಾವು ಮೊದಲಿಗೆ ಹೇಳುತ್ತೇವೆ. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪುಷ್ಟ್ಯಂಶವಿದೆ; ಎತ್ತುಗಳಿಗೆ ಬೇಯಿಸಿ ಹಾಕುವ ಕಾಳೆಂಬ ತಿರಸ್ಕಾರವೊಂದೇ ಅದರ ದೋಷ. ಹುರುಳಿಯನ್ನು ಬೇಯಿಸಿ ಕಟ್ಟನ್ನು ಬಸಿದು ಸಾರು ಮಾಡುವಾಗ, ಬಸಿದ ಕಾಳನ್ನು ಸೊಪ್ಪಿನೊಡನೆ ಪಲ್ಯ ಮಾಡಿ ಅದನ್ನು ಮೊದಲು ಬಡಿಸಿ, ಮುದ್ದೆಯನ್ನು ಅನಂತರ ಬಡಿಸತಕ್ಕದ್ದು. ಪಲ್ಯ, ಕಾಳುಗಳನ್ನು ಮೊದಲು ತಿಂದು ಧಾನ್ಯವನ್ನು ಹಿಂದಿನಿಂದ ಉಂಡರೆ ಊಟದ ಮೇಲೆ ಸಕ್ಕರೆಯು ಅಷ್ಟು ಎತ್ತರಕ್ಕೆ ಏರುವುದಿಲ್ಲವೆಂಬುದು ಪರೀಕ್ಷೆಗಳಿಂದ ತಿಳಿದುಬಂದಿದೆ. ಖರ್ಚಿಲ್ಲದ ಉಪಾಯ ಇದಕ್ಕಿಂತ ಬೇರೆಯಿಲ್ಲ.

ಈಗ ಒಲೆಯ ಮಾತು. ಸೊಕ್ಕೆಯ ಕಡೆಯ ಯಾವುದಾದರೊಂದು ಒಕ್ಕಲು ಮನೆಯನ್ನು ಕಲ್ಪಿಸಿಕೊಳ್ಳೋಣ. ಅತ್ತೆಗೆ ಐವತ್ತೈದು ವರ್ಷ. ಸಕ್ಕರೆ ಕಾಯಿಲೆಯೆಂದು ವೈದ್ಯರು ಹೇಳಿದ್ದಾರೆ. ಮಗ, ಸೊಸೆ, ಇಬ್ಬರು ಮಕ್ಕಳು. ಮೊದಲ ಒಂದು ವಾರ ಸೊಸೆಯು ಶ್ರದ್ಧೆಯಿಂದ ಅತ್ತೆಗೆ ಬೇರೆ ಅಡುಗೆ ಮಾಡುತ್ತಾಳೆ. ಎರಡನೆಯ ವಾರ ಕಳೆ ತೆಗೆಯುವ ಕೆಲಸ ಬರುತ್ತದೆ. ಹೊಲದಿಂದ ಬಂದು ಎರಡೆರಡು ಅಡುಗೆ ಮಾಡಲು ಅವಳಿಗೆ ತ್ರಾಣವೆಲ್ಲಿ? ಅತ್ತೆಯೇ, “ಬಿಡವ್ವಾ, ನನ್ನೊಬ್ಬಳಿಗೆ ಬೇರೆ ಅಡಿಗೆ ಯಾಕೆ ಮಾಡ್ತೀಯ? ಇದ್ದದ್ದನ್ನೇ ಉಂಡ್ರಾಯ್ತು” ಎನ್ನುತ್ತಾಳೆ. ಎಲ್ಲರೂ ಉಂಡ ಮೇಲೆ ಉಳಿದ ಅನ್ನವನ್ನು ಚೆಲ್ಲಲು ಮನಸ್ಸು ಬಾರದೆ ಆಕೆಯೇ ಉಂಡು ಮುಗಿಸುತ್ತಾಳೆ. ಆಗ ರಾತ್ರಿ ಹತ್ತು ಗಂಟೆ. ಮೂರು ತಿಂಗಳಾದ ಮೇಲೆ ರಕ್ತಪರೀಕ್ಷೆಯಲ್ಲಿ ಸಕ್ಕರೆ ಏರಿರುತ್ತದೆ, ವೈದ್ಯರು “ಪಥ್ಯ ಮಾಡಲಿಲ್ಲವೇನಮ್ಮಾ?” ಎಂದು ಗದರುತ್ತಾರೆ, ಮಗನೂ ತಾಯಿಯನ್ನೇ ಗದರುತ್ತಾನೆ. ತಪ್ಪು ಯಾರದು? ಇದೇ ರೋಗವು ಮನೆಯ ಯಜಮಾನನಿಗೆ ಬಂದಿದ್ದರೆ ಇಡೀ ಅಡುಗೆಯ ಕ್ರಮವೇ ಬದಲಾಗುತ್ತಿದ್ದಿತೆಂಬುದನ್ನು ನಮ್ಮ ಓದುಗ ಮಹಾಶಯರು ಒಪ್ಪುವರೆಂದು ನಂಬುತ್ತೇವೆ.

ಬೇರೆ ಅಡುಗೆಯೆಂಬುದನ್ನೇ ಬಿಟ್ಟುಬಿಡಬೇಕು. ಮನೆಗೆಲ್ಲ ಒಂದೇ ಅಡುಗೆ. ಆ ಒಂದು ಅಡುಗೆಯೇ ಮಧುಮೇಹಿಗೆ ಒಗ್ಗುವಂಥದಾಗಿರಬೇಕು. ಮುದ್ದೆಯ ಗಾತ್ರವನ್ನು ಹೊಲದಲ್ಲಿ ದುಡಿಯುವವನಿಗೂ ಬೆಳೆಯುವ ಮಗುವಿಗೂ ಬೇಕಾದಂತೆ ಹೆಚ್ಚಿಸಬಹುದು. ಸಾರು, ಪಲ್ಯ, ಕಾಳುಗಳು ಎಲ್ಲರಿಗೂ ಒಂದೇ. ಇದರಿಂದ ರೋಗಿಯಲ್ಲದವರಿಗೆ ಅನ್ಯಾಯವಾಗುವುದೆಂದು ಯಾರೂ ಭಾವಿಸಬೇಕಾಗಿಲ್ಲ. ತಾಯಿಗೆ ಈ ರೋಗವಿದ್ದರೆ ಮಗನಿಗೆ ಬರುವ ಸಂಭವವು ಇತರರಿಗಿಂತ ಹೆಚ್ಚು. ಆದುದರಿಂದ ತಾಯಿಯ ಪಥ್ಯವು ಮಗನಿಗೆ ಕವಚ. ಚೆನ್ನೈಯಲ್ಲಿ ಡಾಕ್ಟರ್ ರಾಮಚಂದ್ರನ್ ಅವರ ತಂಡದವರು ರೋಗದ ಅಂಚಿನಲ್ಲಿದ್ದವರಿಗೆ ಆಹಾರ ವ್ಯಾಯಾಮಗಳ ನಿಯಮವನ್ನು ಕಲಿಸಿ ಮೂರು ವರ್ಷ ನೋಡಿ, ಅಂಥವರಲ್ಲಿ ಹೊಸದಾಗಿ ಮಧುಮೇಹಕ್ಕೆ ತುತ್ತಾದವರ ಪ್ರಮಾಣವು ನೂರಕ್ಕೆ 28 ರಷ್ಟು ತಗ್ಗಿತೆಂದು 2006 ರಲ್ಲಿ ಪ್ರಕಟಿಸಿದರು. ಅಮೆರಿಕದಲ್ಲಿ ಇಂಥದೇ ಪ್ರಯೋಗದ ಫಲವು 2002 ರಲ್ಲಿ ಪ್ರಕಟವಾಯಿತು. ಅಲ್ಲಿ ತಗ್ಗಿದುದು ನೂರಕ್ಕೆ 58 ರಷ್ಟು. ಮಾತ್ರೆಯನ್ನು ಕೊಟ್ಟ ಇನ್ನೊಂದು ಗುಂಪಿನಲ್ಲಿ ತಗ್ಗಿದುದು 31 ರಷ್ಟು ಮಾತ್ರ.

ಚಹದ ಸಕ್ಕರೆಯೂ ಮನೆಯ ವಿಷಯವೇ. ದಿನಕ್ಕೆ ನಾಲ್ಕು ಬಾರಿ, ಬಾರಿಗೆರಡು ಚಮಚದಂತೆ ಕುಡಿದವರ ಹೊಟ್ಟೆಗೆ ದಿನಕ್ಕೆ 40 ಗ್ರಾಂ, ತಿಂಗಳಿಗೆ ಒಂದು ಕಿಲೋಗ್ರಾಮಿಗೂ ಮೀರಿದ ಸಕ್ಕರೆ ಸೇರುತ್ತದೆ. ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಕೂಡಿ ಕುದಿಸಿದ ಚಹದಿಂದ ಒಬ್ಬರಿಗೆ ಮಾತ್ರ ಸಕ್ಕರೆಯನ್ನು ಬೇರ್ಪಡಿಸಲಾದೀತೆ? ಸಕ್ಕರೆಯಿಲ್ಲದೆ ಕುದಿಸಿ, ಬೇಕಾದವರು ಲೋಟಕ್ಕೆ ಹಾಕಿಕೊಳ್ಳುವ ಪದ್ಧತಿಯನ್ನು ರೂಢಿಗೆ ತಂದರೆ ಕಲಹವೂ ಇಲ್ಲ, ಕದ್ದು ಕುಡಿಯುವುದೂ ಇಲ್ಲ. ಕದ್ದು ತಿನ್ನುವುದೆಂದಾಗ ಹಬ್ಬದ ನೆನಪಾಗುತ್ತದೆ. ಯುಗಾದಿಯ ದಿನ ಮನೆಮಂದಿಯೆಲ್ಲ ಹೋಳಿಗೆಯುಣ್ಣುತ್ತಿರಲು ಮುದುಕಿಯೊಬ್ಬಳನ್ನು ನೋಡುತ್ತ ಕೂರಿಸುವುದು ಕ್ರೌರ್ಯ. ಹಾಗೆ ಕೂರಿಸಿದರೆ ಆಕೆಯು ಅಟ್ಟದ ಮೇಲಿನ ಡಬ್ಬಿಯನ್ನು ಹುಡುಕದೆ ಇರಳು. ಆ ಹೊತ್ತಿನ ಅನ್ನವನ್ನು ಬಿಟ್ಟು, ಕೋಸಂಬರಿ ಪಲ್ಯಗಳನ್ನು ಮೊದಲು ತಿಂದು, ಒಂದು ಹೋಳಿಗೆಯನ್ನು ಎಲ್ಲರೊಡನೆ ಕುಳಿತು ಉಂಡರೆ ಪ್ರಮಾದವಿಲ್ಲ. ಹಬ್ಬವು ವಾರಕ್ಕೊಮ್ಮೆ ಬಾರದಿದ್ದರೆ ಸರಿ.

ವ್ಯಾಯಾಮದ ವಿಷಯದಲ್ಲಿ ಹಳ್ಳಿಯವರ ಉತ್ತರವು ಸಿದ್ಧವಾಗಿರುತ್ತದೆ: “ನಾವು ಹೊಲದಲ್ಲಿ ದುಡಿಯುವವರು, ನಮಗೆ ಬೇರೆ ವ್ಯಾಯಾಮ ಏತಕ್ಕೆ?” ಈ ಮಾತು ಆಷಾಢ ಶ್ರಾವಣಗಳಲ್ಲಿ ನಿಜ. ಆದರೆ ಮಳೆಯಾಧಾರದ ಬೇಸಾಯದಲ್ಲಿ ಕೊಯ್ಲು ಮುಗಿದು ಮೆಕ್ಕೆಜೋಳವು ಮಾರಾಟವಾದ ಮೇಲೆ ಮುಂದಿನ ಮುಂಗಾರಿನವರೆಗೆ ಕೆಲಸವೇನಿದೆ? ಕಟ್ಟೆಯ ಮೇಲೆ ಕುಳಿತುಕೊಳ್ಳುವುದು, ಕೈಫೋನನ್ನು ನೋಡುವುದು, ಮದುವೆ ಜಾತ್ರೆಗಳಿಗೆ ಹೋಗಿ ಉಣ್ಣುವುದು. ದುಡಿಮೆಯ ಕಾಲದ ಊಟದ ಅಳತೆಯು ಮಾತ್ರ ಹಾಗೆಯೇ ಇರುತ್ತದೆ. ಮಧುಮೇಹಿಗಳು ವೈಶಾಖದಲ್ಲಿ ಪರೀಕ್ಷೆ ಮಾಡಿಸಿದರೆ ಸಕ್ಕರೆ ಏರಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ದೇಹಶ್ರಮದ ಗುಣವೇನೆಂದರೆ, ಕೆಲಸ ಮಾಡುತ್ತಿರುವ ಸ್ನಾಯುವು ಇನ್ಸುಲಿನ್ನಿನ ಅಪ್ಪಣೆಗಾಗಿ ಕಾಯದೆ ರಕ್ತದ ಸಕ್ಕರೆಯನ್ನು ತಾನಾಗಿ ಎಳೆದುಕೊಳ್ಳುತ್ತದೆ. ಅದರ ಫಲವು ಒಂದೆರಡು ದಿನ ಮಾತ್ರ ನಿಲ್ಲುವುದರಿಂದ, ಭಾನುವಾರ ಎರಡು ಗಂಟೆ ನಡೆದು ಉಳಿದ ದಿನ ಕುಳಿತರೆ ಪ್ರಯೋಜನವು ಅಲ್ಪ. ವಾರಕ್ಕೆ 150 ನಿಮಿಷ, ಎಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ಬಿರುಸಾಗಿ ನಡೆಯಬೇಕೆಂಬುದು ಎಲ್ಲೆಡೆಯ ವೈದ್ಯರ ಮತ. ಮಾತನಾಡಬಹುದು, ಹಾಡಲಾಗದು ಎಂಬಷ್ಟು ಬಿರುಸು. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾನಿಲಯದವರು 2016 ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದರಲ್ಲಿ, ದಿನಕ್ಕೊಮ್ಮೆ ಅರ್ಧ ಗಂಟೆ ನಡೆದವರಿಗಿಂತ ಪ್ರತಿ ಊಟದ ಮೇಲೆ ಹತ್ತು ಹತ್ತು ನಿಮಿಷ ನಡೆದವರಲ್ಲಿ ಊಟದ ಮೇಲಣ ಸಕ್ಕರೆಯು ಕಡಮೆಯಿದ್ದಿತು; ರಾತ್ರಿಯ ಊಟದ ಮೇಲಂತೂ ಈ ಅಂತರವು ಹೆಚ್ಚಾಗಿ ಕಂಡಿತು. ಉಂಡ ಮೇಲೆ ನೂರು ಹೆಜ್ಜೆ ನಡೆಯಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಅದನ್ನು ಸಾವಿರವಾಗಿಸಿದರೆ ಸಾಕು. ರಾತ್ರಿ ಹುಳುಹುಪ್ಪಟೆಗಳ ಭಯವಿದ್ದಲ್ಲಿ ಬೀದಿಗೆ ಹೋಗಬೇಕಾಗಿಲ್ಲ. ದೀಪವಿರುವ ಅಂಗಳದಲ್ಲಿಯೇ ಶತಪಥ ಹಾಕಬಹುದು.

ಹೆಂಗಸರಿಗೆ ಇಲ್ಲೊಂದು ತೊಡಕುಂಟು. ಬಿಂದಿಗೆಯೋ ಬುತ್ತಿಯೋ ಇಲ್ಲದೆ ಬರಿಗೈಯಲ್ಲಿ ಊರ ಹೊರಗೆ ನಡೆದು ಬರುವ ಹೆಂಗಸನ್ನು ಕಂಡರೆ “ಎತ್ತ ಹೊರಟಳು?” ಎಂದು ಕೇಳುವ ಬಾಯಿಗಳು ಹಳ್ಳಿಯಲ್ಲಿ ಇನ್ನೂ ಮುಚ್ಚಿಲ್ಲ. ನಾಲ್ಕು ಮಂದಿ ನೆರೆಯವರು ಕೂಡಿ ಹೊರಟರೆ ಈ ಪ್ರಶ್ನೆ ಅಡಗುತ್ತದೆ. ಮನೆಯ ಗಂಡಸರೇ ಜತೆಯಲ್ಲಿ ನಡೆದರೆ ಇಬ್ಬರಿಗೂ ಲಾಭ. ಮನೆಗೆಲಸವೇ ವ್ಯಾಯಾಮವೆಂಬ ಮಾತು ಬೀಸುವ ಕಲ್ಲು, ಒನಕೆ, ಬಾವಿಯ ಹಗ್ಗಗಳ ಕಾಲಕ್ಕೆ ಸರಿ. ಸ್ವಿಚ್ಚನ್ನು ಒತ್ತಿ ಚಟ್ನಿ ರುಬ್ಬುವ ಕಾಲಕ್ಕೆ ಅಲ್ಲ. ನಡಿಗೆಯ ಜತೆಗೆ, ಕುರ್ಚಿಯ ಮೇಲಿನಿಂದ ಕೈಯೂರದೆ ಹತ್ತು ಹದಿನೈದು ಬಾರಿ ಎದ್ದು ಕೂರುವಂಥ, ತೊಡೆಯ ಸ್ನಾಯುಗಳನ್ನು ಬಲಪಡಿಸುವ ಕಸರತ್ತನ್ನು ವಾರಕ್ಕೆರಡು ಮೂರು ದಿನ ಮಾಡತಕ್ಕದ್ದು. ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವ ಸ್ನಾಯುಗಳು ಅವೇ.

ಇನ್ನು ಎಚ್ಚರಿಕೆಗಳು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಸಕ್ಕರೆಯು ತೀರ ಇಳಿದುಹೋಗುವ ಅಪಾಯವುಂಟು. ಬೆಳಗಿನ ಮಾತ್ರೆಯನ್ನು ನುಂಗಿ, ಚಹಾ ಮಾತ್ರ ಕುಡಿದು, ಬಿಸಿಲಿನಲ್ಲಿ ಕಳೆ ತೆಗೆಯುತ್ತ ಮಧ್ಯಾಹ್ನದವರೆಗೆ ಬುತ್ತಿ ಬಿಚ್ಚದವರಿಗೆ ಇದು ಬರುತ್ತದೆ. ಕೈ ನಡುಕ, ಮೈ ಬೆವರು, ಎದೆ ಡವಡವ, ಕಣ್ಣು ಮಂಜು, ಸಿಡುಕು, ಮಾತಿನ ತೊದಲು ಇದರ ಗುರುತುಗಳು. ಇಂಥ ಸಮಯದಲ್ಲಿ ಬೆಲ್ಲ ಸಕ್ಕರೆಗಳೇ ಔಷಧ: ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೆ ಅಷ್ಟೇ ಕೊಟ್ಟು, ಅನಂತರ ಊಟ ಮಾಡಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಹೊಲಕ್ಕೆ ಹೋಗುವವರ ಬುತ್ತಿಯ ಗಂಟಿನಲ್ಲಿ ಬೆಲ್ಲದ ತುಂಡೊಂದು ಇರಲಿ. ಶಿವರಾತ್ರಿ, ಏಕಾದಶಿ, ರಂಜಾನುಗಳ ಉಪವಾಸಕ್ಕೆ ಮೊದಲು ಮಾತ್ರೆಯ ಅಳತೆಯನ್ನು ವೈದ್ಯರಲ್ಲಿ ಕೇಳದೆ ಇರಬಾರದು.

ಪಥ್ಯ ಫಲಿಸಿತೆಂದು ತಾವಾಗಿಯೇ ಔಷಧವನ್ನು ನಿಲ್ಲಿಸುವವರೂ, ನೇರಳೆಬೀಜದ ಪುಡಿ, ಬೇವಿನ ಚಿಗುರು, ಅಮೃತಬಳ್ಳಿಗಳ ಭರವಸೆಯಿಂದ ಮಾತ್ರೆಯನ್ನು ಎಸೆಯುವವರೂ ನಮ್ಮಲ್ಲಿ ಬಹಳ. ಹಾಗಲಕಾಯಿಯ ಪಲ್ಯ, ನೆನೆಸಿದ ಮೆಂತ್ಯಗಳನ್ನು ಆಹಾರವಾಗಿ ತಿನ್ನುವುದರಲ್ಲಿ ತಪ್ಪಿಲ್ಲ. ಔಷಧದ ಜಾಗದಲ್ಲಿ ಅವನ್ನು ಕೂರಿಸಬಾರದು. ಮೊದಲನೆಯ ಬಗೆಯ ಮಧುಮೇಹವಿರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಅಲ್ಲಿ ಯಾವ ಪಥ್ಯವೂ ಇನ್ಸುಲಿನ್ನಿಗೆ ಬದಲಾಗದು. ಎರಡನೆಯ ಬಗೆಯಲ್ಲಿ, ರೋಗ ಬಂದು ಹೆಚ್ಚು ವರ್ಷಗಳಾಗದ ಸ್ಥೂಲಕಾಯರು ತೂಕವನ್ನು ಚೆನ್ನಾಗಿ ಇಳಿಸಿದರೆ ಔಷಧವಿಲ್ಲದೆಯೇ ಸಕ್ಕರೆಯು ಹದಕ್ಕೆ ಬರುವುದುಂಟು. ಬ್ರಿಟನ್ನಿನಲ್ಲಿ ನಡೆದು 2017 ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷದ ಕೊನೆಗೆ ನೂರಕ್ಕೆ 46 ಮಂದಿಗೆ ಹೀಗಾಯಿತು. ಅದು ವೈದ್ಯರ ಕಣ್ಣೆದುರಿನಲ್ಲಿ ನಡೆದುದು, ತೂಕವೂ ಹತ್ತಾರು ಕಿಲೋಗ್ರಾಂ ಇಳಿದುದು. ಮೊದಲೇ ಬಡಕಲಾಗಿರುವ ನಮ್ಮ ಹಳ್ಳಿಯ ರೋಗಿಯು ಅದನ್ನು ಕೇಳಿ ಉಪವಾಸ ಬಿದ್ದರೆ ಅನರ್ಥವಾದೀತು.

ಪಾದರಕ್ಷೆಯ ಕಾರಣವನ್ನು ಹೇಳುತ್ತೇವೆಂದಿದ್ದೆವು. ಸಕ್ಕರೆಯು ವರ್ಷಗಟ್ಟಲೆ ಏರಿದ್ದರೆ ಪಾದಗಳ ನರಗಳು ಮಂಕಾಗಿ, ಮುಳ್ಳು ಚುಚ್ಚಿದರೂ ಕೆಂಡ ತಗುಲಿದರೂ ತಿಳಿಯದು. ಗಾಯವು ಮಾಯದೆ ಕೊಳೆಯುತ್ತದೆ. ಕಡೆಗೆ ಬೆರಳನ್ನೋ ಕಾಲನ್ನೋ ಕತ್ತರಿಸಬೇಕಾಗುತ್ತದೆ. ಜಾಲಿಮುಳ್ಳಿನ ಸೀಮೆಯಲ್ಲಿ ಬರಿಗಾಲಿನಲ್ಲಿ ಹೊಲಕ್ಕೆ ಹೋಗುವ ಮಧುಮೇಹಿಗೆ ಇದಕ್ಕಿಂತ ದೊಡ್ಡ ಅಪಾಯವಿಲ್ಲ. ಮೆತ್ತನೆಯ, ಹಿಮ್ಮಡಿಗೆ ಪಟ್ಟಿಯಿರುವ ಚಪ್ಪಲಿಯನ್ನು ಮೆಟ್ಟಬೇಕು. ರಾತ್ರಿ ಮಲಗುವ ಮುನ್ನ ಮೊಮ್ಮಕ್ಕಳಿಂದಲಾದರೂ ಅಂಗಾಲನ್ನು ನೋಡಿಸಬೇಕು.

ಪರೀಕ್ಷೆಯ ಅಂಕಿಗಳನ್ನು ಮನೆಯವರೆಲ್ಲರೂ ತಿಳಿದಿರುವುದು ಒಳ್ಳೆಯದು. ರಾತ್ರಿ ಉಪವಾಸವಿದ್ದು ಬೆಳಗ್ಗೆ ಪರೀಕ್ಷಿಸಿದ ರಕ್ತದಲ್ಲಿ ಸಕ್ಕರೆಯು 126 ಮಿಲಿಗ್ರಾಂ ಅಥವಾ ಹೆಚ್ಚು ಎಂದು ಎರಡು ಬಾರಿ ಬಂದರೆ ಮಧುಮೇಹ; 100 ರಿಂದ 125 ರವರೆಗೆ ಅಂಚು. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಎಂಬ ಇನ್ನೊಂದು ಪರೀಕ್ಷೆಯಲ್ಲಿ 6.5 ಮುಟ್ಟಿದರೆ ರೋಗ. ಚಿಕಿತ್ಸೆಯಲ್ಲಿರುವ ಹೆಚ್ಚಿನವರು 7 ರೊಳಗೆ ಇರಿಸಿಕೊಳ್ಳಬೇಕು. ಮೂವತ್ತು ವರ್ಷ ದಾಟಿದವರೆಲ್ಲರಿಗೂ ಸರಕಾರದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸಕ್ಕರೆಯ ಪರೀಕ್ಷೆಯನ್ನು ಪುಕ್ಕಟೆಯಾಗಿ ಮಾಡುತ್ತಾರೆ. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ವಿವರ ತಿಳಿಯುತ್ತದೆ. ಕಣ್ಣು, ಮೂತ್ರಪಿಂಡಗಳ ಪರೀಕ್ಷೆಯು ವರ್ಷಕ್ಕೊಮ್ಮೆ ಅಗತ್ಯ.

ಕಡೆಯದಾಗಿ ಸೊಸೆಯ ಮಾತು, ಏಕೆಂದರೆ ಅವಳನ್ನು ಪರೀಕ್ಷಿಸಬೇಕೆಂಬುದು ಯಾರಿಗೂ ತೋರುವುದಿಲ್ಲ. ಬಸುರಿಯಾಗಿದ್ದಾಗ ಮಾತ್ರ ಸಕ್ಕರೆ ಏರಿ, ಹೆರಿಗೆಯಾದ ಮೇಲೆ ಇಳಿದುಹೋದ ಹೆಂಗಸರನ್ನು ವಾಸಿಯಾಯಿತೆಂದು ಬಿಟ್ಟುಬಿಡುತ್ತಾರೆ. ಅಂಥವರಿಗೆ ಮುಂದೆ ಮಧುಮೇಹ ಬರುವ ಸಂಭವವು ಇತರರಿಗಿಂತ ಅನೇಕಪಾಲು ಹೆಚ್ಚು. ಬಸುರಿಯರಿಗೆ ಮೊದಲ ಭೇಟಿಯಲ್ಲಿಯೂ, 24 ರಿಂದ 28 ನೆಯ ವಾರದೊಳಗೂ ಸಕ್ಕರೆಯ ಪರೀಕ್ಷೆಯಾಗಬೇಕು. ಸಕ್ಕರೆ ಏರಿದ್ದವರಿಗೆ ಹೆರಿಗೆಯಾದ ಆರು ವಾರಗಳ ಮೇಲೆ ಮತ್ತೊಮ್ಮೆ, ಅನಂತರ ವರ್ಷ ವರ್ಷವೂ ಆಗಬೇಕು. ಬಾಣಂತಿಗೆ ತುಪ್ಪದನ್ನ, ಅಂಟಿನುಂಡೆ, ಬೆಲ್ಲದ ಕಾರಗಳನ್ನು ತಿನ್ನಿಸಿ ಮೂರು ತಿಂಗಳು ಮಂಚದಿಂದ ಇಳಿಯಗೊಡದ ತಾಯಂದಿರು, ಮಗಳಿಗೆ ಬಸುರಿನಲ್ಲಿ ಸಕ್ಕರೆಯಿದ್ದಿತೇ ಎಂಬುದನ್ನು ಮೊದಲು ಕೇಳಿಕೊಂಡು, ಸೊಪ್ಪು, ಕಾಳು, ಹಾಲು, ಮೊಟ್ಟೆಗಳನ್ನು ಆ ಉಂಡೆಗಳ ಜಾಗದಲ್ಲಿ ಕೊಡಲಿ. ಮಗುವಿಗೆ ಮೊಲೆಹಾಲನ್ನು ಕುಡಿಸುವುದು ತಾಯಿಯ ಸಕ್ಕರೆಗೂ ಒಳ್ಳೆಯದು. ಹೆರಿಗೆ ಸಹಜವಾಗಿ ಆಗಿದ್ದರೆ, ವೈದ್ಯರ ಒಪ್ಪಿಗೆಯನ್ನು ಪಡೆದು, ಕೆಲವು ದಿನಗಳಲ್ಲಿಯೇ ಅಂಗಳದಲ್ಲಿ ಮೆಲ್ಲಗೆ ನಡೆದಾಡಬಹುದು.